ಹಗುರ ಸ್ಕೀ, ಹಲವು ಹಿಮ

ಹಿಮದ ಇಳಿಜಾರಿನಲ್ಲಿ ಜಾರಲು ಕಾಲಿಗೆ ಕಟ್ಟಿಕೊಳ್ಳುವ ನೀಳ ಪಟ್ಟಿಗೆ ಸ್ಕೀ ಎಂದು ಹೆಸರು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಈ ಪದದ ಮೂಲಾರ್ಥ ಸೀಳಿದ ಮರದ ತುಂಡು. ನಾರ್ವೆಯ ಈ ಹೆಸರು ಲೋಕವನ್ನೆಲ್ಲ ಸುತ್ತಿ ಬಂದಿದೆ; ವಸ್ತು ಮಾತ್ರ ಸೀಳಿದ ಮರವಾಗಿ ಉಳಿದಿಲ್ಲ. ಇಂದಿನ ಸ್ಕೀಯ ಒಡಲಲ್ಲಿ ಮರದ ತಿರುಳು, ಗಾಜಿನ ನಾರು, ಇಂಗಾಲದ ನಾರು, ಅಲ್ಯೂಮಿನಿಯಂ ಮಿಶ್ರಲೋಹ, ರಬ್ಬರು ಮುಂತಾದವು ಪದರಪದರವಾಗಿ ಕೂಡಿರುತ್ತವೆ. ಅಂಚಿನುದ್ದಕ್ಕೂ ಉಕ್ಕಿನ ಅಲಗು. ಈ ಪದರಗಳ ಜೋಡಣೆಯ ಹಿಂದೆ ಒಂದು ಹಳೆಯ ತಕರಾರಿದೆ. ಸ್ಕೀ ಹಗುರವಾಗಿಯೂ ಇರಬೇಕು, ನಡುಗದೆಯೂ ಇರಬೇಕು.

ಹಗುರವೇಕೆಂಬುದು ಸುಲಭವಾಗಿ ತಿಳಿಯುವ ಮಾತು. ಆಲ್ಪ್ಸ್ ಪರ್ವತಗಳಲ್ಲಿ ತಂತಿದಾರಿಯ ನೆರವಿಲ್ಲದೆ, ಸ್ಕೀಯ ತಳಕ್ಕೆ ಹಿಂದಕ್ಕೆ ಜಾರದಂಥ ಪಟ್ಟಿಯನ್ನು ಅಂಟಿಸಿಕೊಂಡು ಸಾವಿರಾರು ಅಡಿ ಏರುವವರಿದ್ದಾರೆ. 2026ರ ಚಳಿಗಾಲದ ಒಲಿಂಪಿಕ್ಸ್‌ಗೆ ಈ ಬಗೆಯ ಸ್ಕೀ ಪರ್ವತಾರೋಹಣವನ್ನೂ ಸೇರಿಸಲಾಯಿತು. ಬೆನ್ನ ಮೇಲಿನ ಭಾರಕ್ಕಿಂತ ಪಾದಕ್ಕೆ ಕಟ್ಟಿದ ಭಾರ ಹೆಚ್ಚು ದಣಿಸುತ್ತದೆ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಅದನ್ನು ಮುಂದಕ್ಕೆ ಒಯ್ಯಬೇಕು. ಇಳಿಯುವುದಕ್ಕೆಂದೇ ಮಾಡಿದ ಒಂದು ಅಗಲ ಸ್ಕೀ ಎರಡು ಕಿಲೋ ತೂಗಿದರೆ, ಏರುವವರ ಸ್ಕೀ ಒಂದೂಕಾಲು ಒಂದೂವರೆ ಕಿಲೋದ ಆಸುಪಾಸಿನಲ್ಲಿರುತ್ತದೆ. ಪಂದ್ಯದವರದು ಇನ್ನೂ ಕಡಿಮೆ. ಏರಿದವರು ಅದೇ ಸ್ಕೀಯಲ್ಲಿ ಇಳಿಯಬೇಕಾದಾಗ ತಕರಾರು ಮೊದಲಾಗುತ್ತದೆ.

ಸ್ಕೀ ಒಂದು ತೊಲೆಯಂತೆ ಬಾಗಿ ಸೆಟೆಯುತ್ತದೆ. ಹಿಮದ ಸಣ್ಣ ಏರುತಗ್ಗುಗಳು ತುದಿಗೆ ಬಡಿದಾಗ ಅದು ಸೆಕೆಂಡಿಗೆ ಹತ್ತಾರು ಬಾರಿ ಅದುರುತ್ತದೆ. ಅದುರಿದಾಗಲೆಲ್ಲ ಉಕ್ಕಿನ ಅಲಗು ಹಿಮದಿಂದ ಕ್ಷಣಕಾಲ ಮೇಲೇಳುತ್ತದೆ. ತಿರುವಿನಲ್ಲಿ ಸವಾರನನ್ನು ಹಿಡಿದಿಟ್ಟಿರುವುದು ಆ ಅಲಗೊಂದೇ; ಅದು ಮೇಲೆದ್ದಷ್ಟು ಹೊತ್ತು ಆತ ಯಾವ ಆಸರೆಯೂ ಇಲ್ಲದೆ ಪಕ್ಕಕ್ಕೆ ಜಾರುತ್ತಿರುತ್ತಾನೆ. ಕಡಿದಾದ ಇಳಿಜಾರಿನಲ್ಲಿ ಇಷ್ಟು ಸಾಕು ಬೀಳಲು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮಾರಾಟದ ಮಾತಿನಲ್ಲಿ ಇವೆರಡೂ ಬೆರೆತುಹೋಗುವುದೇ ಹೆಚ್ಚು. ಕೊರಕಲು ಬಿದ್ದ ದಾರಿಯಲ್ಲಿ ಖಾಲಿ ಎತ್ತಿನ ಗಾಡಿ ಗಡಗಡ ಕುಣಿಯುತ್ತದೆ. ಹೇರು ತುಂಬಿದ ಗಾಡಿ ಅದೇ ದಾರಿಯಲ್ಲಿ ತಣ್ಣಗೆ ಸಾಗುತ್ತದೆ. ಇದು ತೂಕದ ಗುಣ: ಏಟು ಬಿದ್ದರೂ ಹೆಚ್ಚು ಕದಲದಿರುವುದು. ಬಾರಿಸಿದ ಗಂಟೆಗೆ ಅಂಗೈ ಒತ್ತಿದರೆ ನಾದ ಅಡಗುವುದು ಬೇರೆಯೇ ಗುಣ. ಅಲ್ಲಿ ಏಟು ಆಗಲೇ ಬಿದ್ದಿದೆ, ಅದರ ಅನುರಣನವನ್ನು ಮಾತ್ರ ಅಂಗೈ ಹೀರಿಕೊಳ್ಳುತ್ತದೆ. ಕಂಪನಶಮನವೆಂದರೆ ಈ ಎರಡನೆಯದು. ಹಗುರ ಸ್ಕೀಗೆ ಅಂಗೈಯನ್ನು ಜೋಡಿಸಬಹುದು. ಹೇರನ್ನು ಜೋಡಿಸಿದರೆ ಅದು ಹಗುರವಾಗಿ ಉಳಿಯುವುದಿಲ್ಲ.

ಅಂಗೈಯನ್ನು ಜೋಡಿಸುವ ವಿದ್ಯೆಗೆ ಒಂದು ಸ್ವಾರಸ್ಯವಾದ ಇತಿಹಾಸವಿದೆ. ಅಮೆರಿಕದಲ್ಲಿ ವಿಮಾನ ತಯಾರಿಕೆಯ ಕೆಲಸದಲ್ಲಿದ್ದ ಹೊವಾರ್ಡ್ ಹೆಡ್ ಎಂಬ ಎಂಜಿನಿಯರು ಎರಡನೆಯ ಮಹಾಯುದ್ಧದ ನಂತರ ವರ್ಮಾಂಟ್‌ನ ಬೆಟ್ಟಗಳಿಗೆ ಹೋಗಿ, ಭಾರದ ಮರದ ಸ್ಕೀಗಳೊಡನೆ ಹೆಣಗಿ ಹಿಂದಿರುಗಿದ. ವಿಮಾನದ ಒಡಲಿಗೆ ಬಳಸುವ ಲೋಹದ ಪದರಗಳ ತಂತ್ರವನ್ನೇ ಸ್ಕೀಗೂ ಏಕೆ ಬಳಸಬಾರದೆಂದು ಅವನಿಗೆ ಹೊಳೆಯಿತು. ಮಾಡಿದ ಮಾದರಿಗಳು ಮತ್ತೆ ಮತ್ತೆ ಮುರಿದವು. ಕೊನೆಗೆ ಪ್ಲೈವುಡ್ ತಿರುಳಿನ ಮೇಲೂ ಕೆಳಗೂ ಅಲ್ಯೂಮಿನಿಯಂ ತಗಡು ಅಂಟಿಸಿದ ಸ್ಕೀ 1950ರಲ್ಲಿ ಮಾರುಕಟ್ಟೆಗೆ ಬಂದಿತು. ಸಾಮಾನ್ಯ ಸವಾರರಿಗೆ ಅದರಲ್ಲಿ ತಿರುಗುವುದು ಎಷ್ಟು ಸುಲಭವಾಯಿತೆಂದರೆ ಅದಕ್ಕೆ ಮೋಸಗಾರ ಸ್ಕೀ ಎಂಬ ಅಡ್ಡಹೆಸರೇ ಬಿದ್ದಿತು. ಪಂದ್ಯದ ವೇಗದಲ್ಲಿ ಮಾತ್ರ ಲೋಹ ಕಟಕಟನೆ ನಡುಗುತ್ತಿತ್ತು. 1960ರ ದಶಕದಲ್ಲಿ ಹೆಡ್ ಸಂಸ್ಥೆ ಪದರಗಳ ನಡುವೆ ತೆಳುವಾದ ರಬ್ಬರು ಇಟ್ಟು ಆ ನಡುಕವನ್ನು ಪಳಗಿಸಿತು.

ಆ ರಬ್ಬರಿನ ಕೆಲಸ ಸೂಕ್ಷ್ಮವಾದದ್ದು. ಸ್ಕೀ ಬಾಗಿದಾಗ ಅದರ ಮೇಲಿನ ಕೆಳಗಿನ ಗಡುಸು ಪದರಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಸರಿಯುತ್ತವೆ. ನಡುವಿನ ರಬ್ಬರು ಎರಡೂ ಕಡೆಗೆ ಜಗ್ಗಿ, ಕಂಪನದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. 1990ರ ದಶಕದಲ್ಲಿ ಕೆ2 ಸಂಸ್ಥೆ ಇದೇ ಕೆಲಸಕ್ಕೆ, ಬಾಗಿದಾಗ ವಿದ್ಯುತ್ತನ್ನು ಹೊಮ್ಮಿಸುವ ಪಿಂಗಾಣಿಯಂಥ ವಸ್ತುವನ್ನು ಬಳಸಿತು. ಕಂಪನ ವಿದ್ಯುತ್ತಾಗಿ ಕರಗಿದುದಕ್ಕೆ ಸಾಕ್ಷಿಯಾಗಿ ಸ್ಕೀಯ ಮೇಲೆ ಪುಟ್ಟ ದೀಪವೊಂದು ಮಿನುಗುತ್ತಿತ್ತು. ಇತ್ತೀಚಿನ ಹಗುರ ಸ್ಕೀಗಳಲ್ಲಿ ಇಂಗಾಲದ ನಾರಿನ ಜೊತೆಗೆ ಅಗಸೆಯ ನಾರನ್ನು ಹೆಣೆಯುವುದುಂಟು. ಇಂಗಾಲದ ನಾರು ಹಗುರ, ಗಡುಸು. ಆದರೆ ಗಂಟೆಯಂತೆ ಅನುರಣಿಸುವ ಸ್ವಭಾವದ್ದು. ಅಗಸೆಯ ನಾರು ಅಷ್ಟು ಗಡುಸಲ್ಲ, ಕಂಪನವನ್ನು ಮಾತ್ರ ಚೆನ್ನಾಗಿ ಹೀರುತ್ತದೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆಗೆ ಚಟ್ನಿಪುಡಿಯಾಗಿ ಬರುವ ಅಗಸೆಯೂ ಇದೂ ಒಂದೇ ಜಾತಿಯ ಗಿಡ. ಇಲ್ಲಿಯದು ಎಣ್ಣೆಕಾಳಿನ ಗಿಡ್ಡ ತಳಿ, ಯೂರೋಪಿನದು ನಾರಿಗಾಗಿ ಬೆಳೆಯುವ ನೀಳ ತಳಿ.

ಇನ್ನು ಹಿಮ. ಕನ್ನಡದಲ್ಲಿ ಮಂಜು, ಇಬ್ಬನಿ, ಆಲಿಕಲ್ಲುಗಳಿಗೆ ಬೇರೆ ಬೇರೆ ಹೆಸರುಗಳಿವೆ. ನೆಲಕ್ಕೆ ಬಿದ್ದ ಹಿಮದ ಅವಸ್ಥೆಗಳಿಗೆ ಇಲ್ಲ. ಹಿಮ ಬೀಳದ ನಾಡಿನ ನುಡಿಗೆ ಅದು ಸಹಜವೇ. ಆದ್ದರಿಂದ ವಿವರಿಸಿಯೇ ಹೇಳಬೇಕು.

ಆಗತಾನೇ ಬಿದ್ದ ಹಿಮದ ಹುಡಿ ಘನಮೀಟರಿಗೆ ಸುಮಾರು ನೂರು ಕಿಲೋ ಮಾತ್ರ ತೂಗುತ್ತದೆ, ಎಂದರೆ ಅದರ ಬಹುಪಾಲು ಗಾಳಿ. ಅದರೊಳಗೆ ಮುಳುಗಿ ಸಾಗುವ ಸ್ಕೀಗೆ ಬಡಿಯುವಂಥದು ಏನೂ ಇಲ್ಲ. ಹಿಮವೇ ಅಂಗೈಯಾಗಿ ಒತ್ತಿ ಹಿಡಿದಿರುತ್ತದೆ. ಇಲ್ಲಿ ಹಗುರ ಸ್ಕೀ ಸುಖವಾಗಿ ತೇಲುತ್ತದೆ, ಆದರೆ ಆ ಸುಖದ ಕೀರ್ತಿ ಶಮನಪದರಕ್ಕೆ ಸಲ್ಲುವುದಿಲ್ಲ. ಹುಡಿಹಿಮದಲ್ಲಿ ಪರೀಕ್ಷಿಸಿ ಕಂಪನವೇ ಇಲ್ಲವೆಂದು ಹೊಗಳುವುದು, ಹಾಸಿಗೆಯ ಮೇಲೆ ಉರುಳಿಸಿ ಕೊಡ ಒಡೆಯಲಿಲ್ಲವೆಂದು ಹೇಳಿದಂತೆ.

ಯಂತ್ರಗಳು ಒತ್ತಿ ಹದಮಾಡಿದ ಗಟ್ಟಿ ಹಿಮದ ಸಾಂದ್ರತೆ ಇದರ ನಾಲ್ಕೈದು ಪಟ್ಟು. ಪಂದ್ಯದ ಹಾದಿಗಳಿಗಂತೂ ನೀರು ಹಾಯಿಸಿ ಮಂಜುಗಡ್ಡೆಯನ್ನೇ ಮಾಡಿರುತ್ತಾರೆ. ಇಲ್ಲಿ ಏಟುಗಳು ಸಣ್ಣವು, ಒತ್ತೊತ್ತಾಗಿ ಬರುವಂಥವು. ಒಂದರ ಅನುರಣನ ಅಡಗುವ ಮೊದಲೇ ಇನ್ನೊಂದು ಬೀಳುತ್ತದೆ. ಶಮನಪದರ ತನ್ನ ಬೆಲೆಯನ್ನು ತೋರುವ ನೆಲ ಇದೇ. ಶಮನವಿರುವ ಹಗುರ ಸ್ಕೀಗೂ ಬರಿಯ ಇಂಗಾಲದ ಸ್ಕೀಗೂ ಇರುವ ಅಂತರ ಇಲ್ಲಿ ಸವಾರನ ಮೊಣಕಾಲಿಗೇ ತಿಳಿಯುತ್ತದೆ. ಆದರೂ ರಬ್ಬರಿನಂಥ ವಸ್ತುಗಳು ತೀವ್ರ ಚಳಿಯಲ್ಲಿ ಗಡುಸಾಗುವುದರಿಂದ, ಎಲ್ಲ ಉಷ್ಣತೆಯಲ್ಲೂ ಅವು ಒಂದೇ ಸಮನೆ ಹೀರುತ್ತವೆಂದು ತಿಳಿಯಲಾಗದು.

ಹಲವರು ಓಡಾಡಿ ಕಡಿದು ಹಾಕಿದ, ಗುಡ್ಡೆಗುಡ್ಡೆಯಾದ ಹಿಮದ ಕಥೆ ಬೇರೆ. ಇಲ್ಲಿ ಏಟುಗಳು ದೊಡ್ಡವು, ಬಿಡಿಬಿಡಿಯಾದವು. ಒಂದು ಗುಡ್ಡೆಗೆ ತುದಿ ತಾಗಿದೊಡನೆ ಹಗುರ ಸ್ಕೀ ದಿಕ್ಕು ತಪ್ಪುತ್ತದೆ. ಆಮೇಲೆ ಅದು ನಡುಗಲಿಲ್ಲವೆಂಬುದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಗಾಡಿಗೆ ಹೇರು ಬೇಕಾದ ಜಾಗ ಇದು. ಎಷ್ಟೇ ಜಾಣತನದಿಂದ ಪದರ ಜೋಡಿಸಿದರೂ ಒಂದೂಕಾಲು ಕಿಲೋದ ಸ್ಕೀ ಇಲ್ಲಿ ಎರಡು ಕಿಲೋದ ಸ್ಕೀಗೆ ಸಮನಾಗಲಾರದು. ಸವಾರ ವೇಗ ತಗ್ಗಿಸಿ ಕಾಲಿನ ಬಾಗುಬಳುಕಿನಿಂದಲೇ ಕೊರತೆ ತುಂಬಬೇಕು.

ವಸಂತಕಾಲದ ಆಲ್ಪ್ಸ್‌ನಲ್ಲಿ ಒಂದೇ ಇಳಿಜಾರು ಒಂದೇ ದಿನದಲ್ಲಿ ಹಲವು ಅವಸ್ಥೆಗಳನ್ನು ದಾಟುತ್ತದೆ. ಹಿಂದಿನ ದಿನ ಕರಗಿದ ಹಿಮ ಇರುಳಲ್ಲಿ ಹೆಪ್ಪುಗಟ್ಟಿ, ಬೆಳಗಿನ ಜಾವ ಏರುತಗ್ಗಿನ ಕಲ್ಲುಹಾಸಿನಂತೆ ಇರುತ್ತದೆ. ಅದೇ ಹಗುರ ಸ್ಕೀಗೆ ಅತ್ಯಂತ ಕೆಟ್ಟ ಹೊತ್ತು. ಬಿಸಿಲು ತಾಗಿದ ಮೇಲೆ ಮೇಲ್ಪದರ ಒಂದೆರಡು ಬೆರಳಿನಷ್ಟು ಕರಗಿ, ರವೆಯಂಥ ಕಾಳುಗಳಾಗಿ ಮೆತ್ತಗಾಗುತ್ತದೆ. ಅಲಗು ಅದರಲ್ಲಿ ಸದ್ದಿಲ್ಲದೆ ಕೂರುತ್ತದೆ. ಅದಕ್ಕೇ ಅನುಭವಸ್ಥರು ಕತ್ತಲಲ್ಲೇ ಏರಿ, ತುದಿಯಲ್ಲಿ ಕುಳಿತು ಬಿಸಿಲಿಗಾಗಿ ಕಾಯುತ್ತಾರೆ. ತೀರ ತಡಮಾಡುವಂತೆಯೂ ಇಲ್ಲ. ನಡುಹಗಲಿಗೆ ಹಿಮ ಆಳದವರೆಗೆ ನೀರುಂಡು ತೂಕವೇರಿ, ಇಳಿಜಾರೇ ಕುಸಿದು ಬರುವ ಅಪಾಯವಿರುತ್ತದೆ.