ನೌಕರಿ ಬಿಟ್ಟು ಹೈನಕ್ಕೆ ಇಳಿಯುವ ಮುನ್ನ ಮೇವಿನ ಲೆಕ್ಕ

ಜತ್ತ: ಪುಣೆ-ಮುಂಬಯಿಯ ಕಂಪನಿ, ಹೋಟೆಲ್ಲುಗಳಲ್ಲಿ, ಸೋಲಾಪುರದ ಮಗ್ಗದ ಕಾರಖಾನೆಗಳಲ್ಲಿ ದುಡಿಯುವ ಗಡಿಭಾಗದ ತರುಣರಿಗೆ ಊರಿಗೆ ಮರಳುವ ಯೋಚನೆ ಬಂದಾಗ ಮೊದಲು ಹೊಳೆಯುವ ಉದ್ಯೋಗ ಹೈನುಗಾರಿಕೆ. ಜತ್ತ, ಮಂಗಳವೇಢೆ, ಅಕ್ಕಲಕೋಟ ತಾಲೂಕುಗಳಲ್ಲಿ ಮಳೆಯನ್ನು ನಂಬುವಂತಿಲ್ಲ. ದ್ರಾಕ್ಷಿ, ದಾಳಿಂಬೆಗೆ ಬಂಡವಾಳ ಬಹಳ. ಹಾಲಿನ ಬಿಲ್ಲಾದರೆ ಹತ್ತು ದಿನಕ್ಕೊಮ್ಮೆ ಕೈಗೆ ಬರುತ್ತದೆ. ಆದರೆ ಈ ಆಸೆಗೆ ಹೊಲ ಒತ್ತೆ ಹಾಕಿ, ಹೆಂಡತಿಯ ಬಂಗಾರ ಗಿರವಿ ಇಟ್ಟು ಒಮ್ಮೆಲೇ ಹತ್ತು ಎಚ್‌ಎಫ್ ಆಕಳು ಕಟ್ಟಿದವರ ಶೆಡ್ಡು ಉಳಿದು, ದನ ಸಂತೆಗೆ ಹೋಗುವುದೂ ಉಂಟು. ಹೈನ ನಡೆಯುವುದೂ ಮುಳುಗುವುದೂ ಮೇವಿನ ಮೇಲೆ.

ಒಂದು ಆಕಳಿನ ಲೆಕ್ಕ

ದರ ಊರಿಂದ ಊರಿಗೆ ಬೇರೆ. ಉದಾಹರಣೆಗೆ ಇಷ್ಟು ಹಿಡಿಯೋಣ. ಆಕಳು ದಿನಕ್ಕೆ 12 ಲೀಟರ್ ಹಿಂಡುತ್ತದೆ, ಲೀಟರಿಗೆ 30 ರೂ.ನಂತೆ 360 ರೂ. ಆಯಿತು. ಪಶು ಆಹಾರ 6 ಕಿಲೋ, 180 ರೂ. ಹಸಿ ಮೇವು 60, ಕಣಿಕಿ 40, ಔಷಧಿ 10. ಖರ್ಚು 290 ಹೋಗಿ ಉಳಿದದ್ದು 70 ರೂ. ಮುನ್ನೂರು ದಿನಕ್ಕೆ 21 ಸಾವಿರ. ಮುಂದಿನ ಈಯುವಿಕೆಗೆ ಮುಂಚೆ ಎರಡು ತಿಂಗಳ ಮೇಲೆ ಆಕಳು ಬತ್ತುತ್ತದೆ. ಆಗ ಹಾಲಿಲ್ಲ, ಹೊಟ್ಟಿಗಂತೂ ಹಾಕಲೇಬೇಕು. ದಿನಕ್ಕೆ 170ರಂತೆ 65 ದಿನಕ್ಕೆ 11 ಸಾವಿರ ಹೋಯಿತು. ವರ್ಷಕ್ಕೆ ಕೈಯಾಗ ಉಳಿಯುವುದು 10 ಸಾವಿರ ಅಷ್ಟೇ. ಮನೆಮಂದಿಯ ದುಡಿತದ ಕೂಲಿ ಇದರಲ್ಲಿ ಹಿಡಿದೇ ಇಲ್ಲ.

ಅದೇ ನೂರು ರೂಪಾಯಿಯ ಮೇವನ್ನು ಸ್ವಂತ ಹೊಲದಲ್ಲಿ 40 ರೂ. ಖರ್ಚಿನಲ್ಲಿ ಬೆಳೆದರೆ ದಿನಕ್ಕೆ 60 ಉಳಿದು, ವರ್ಷದ ಉಳಿತಾಯ ಸುಮಾರು 32 ಸಾವಿರಕ್ಕೆ ಹೋಗುತ್ತದೆ. ಹಾಲು ಒಂದು ಲೀಟರೂ ಹೆಚ್ಚಾಗಿಲ್ಲ. ಹಾಲಿನ ದರ ರೈತನ ಕೈಯಲ್ಲಿಲ್ಲ. 2024ರಲ್ಲಿ ದರ ಬಿದ್ದಾಗ ಮಹಾರಾಷ್ಟ್ರ ಸರಕಾರ ಆಕಳ ಹಾಲಿಗೆ ಲೀಟರಿಗೆ 5 ರೂ. ಅನುದಾನ ಘೋಷಿಸಬೇಕಾಯಿತು. ಖರ್ಚು ಮಾತ್ರ ರೈತನ ಕೈಯಲ್ಲಿದೆ.

ಶೆಡ್ಡು ಸಾದಾ ಇರಲಿ

ಪಶ್ಚಿಮ ಮಹಾರಾಷ್ಟ್ರದಲ್ಲಿ ರೂಢಿಗೆ ಬಂದಿರುವ ‘ಮುಕ್ತ ಸಂಚಾರ ಗೋಠಾ’ ಕಡಿಮೆ ಖರ್ಚಿನದು. ಒಂದು ಆಕಳಿಗೆ 35-40 ಚದರ ಅಡಿ ನೆರಳು, ಅದರ ಎರಡರಷ್ಟು ಬಯಲು, ಸುತ್ತ ಜಾಳಿಯ ಬೇಲಿ, ಒಂದು ನೀರಿನ ತೊಟ್ಟಿ ಸಾಕು. ಸಿಮೆಂಟು ಗೋದಲಿ ಮುಂದೆ ಮಾತ್ರ. ದನ ಬಿಡುವಾಗಿ ತಿರುಗಾಡಿ ಬೇಕಾದಾಗ ನೀರು ಕುಡಿಯುತ್ತವೆ. ದಿನಾ ಸಗಣಿ ಬಳಿಯುವ, ಕಟ್ಟಿ ಬಿಚ್ಚುವ ಕೆಲಸವೂ ಕಡಿಮೆ.

ಉಳಿದ ದುಡ್ಡು ಮುರಘಾಸಿಗೆ ಹಾಕಬೇಕು. ಗೋವಿನಜೋಳದ ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದಂತೆ ಗುಂಡಿಯಲ್ಲೋ ದಪ್ಪ ಪ್ಲಾಸ್ಟಿಕ್ ಚೀಲದಲ್ಲೋ ಒತ್ತಿ ತುಂಬಿದರೆ ಒಂದೂವರೆ ತಿಂಗಳಲ್ಲಿ ತಯಾರು. ಬಾಯಿ ಭದ್ರ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲ ಈ ಭಾಗಕ್ಕೆ ಹೊಸದಲ್ಲ. 2012-13ರಲ್ಲಿ, ಮತ್ತೆ 2019ರಲ್ಲಿ ಇಲ್ಲಿನ ದನಗಳು ಸರಕಾರದ ಮೇವಿನ ಛಾವಣಿಯಲ್ಲಿ ದಿನ ಕಳೆದಿವೆ. ಹಿಂಡುವ ಆಕಳಿಗೆ ಬ್ಯಾಸಿಗೆಯಲ್ಲಿ ದಿನಕ್ಕೆ 70-80 ಲೀಟರ್ ನೀರು ಬೇಕು. ಏಪ್ರಿಲ್‌ನಲ್ಲಿ ಬೋರು ಬತ್ತುವ ಊರಲ್ಲಿ ಹತ್ತು ಆಕಳು ಕಟ್ಟುವುದೆಂದರೆ ಟ್ಯಾಂಕರಿನವನಿಗೆ ದುಡಿದಂತೆ.

ಕೊಳ್ಳುವಾಗ ಎಚ್ಚರ

ಎರಡನೇ ಸೂಲಿನ ಆಕಳು ಹೊಸಬರಿಗೆ ಸುಲಭ. ಸಂಜೆ, ಮುಂಜಾನೆ, ಮತ್ತೆ ಸಂಜೆ, ಹೀಗೆ ಮೂರು ಸಲ ಕಣ್ಣೆದುರು ಹಿಂಡಿಸಿ, ನಾಲ್ಕೂ ಮೊಲೆ ನೋಡಿಯೇ ದುಡ್ಡು ಎಣಿಸಬೇಕು. ಬಿಸಿಲು ತಡೆಯುವ, ಒಣ ಮೇವಿನಲ್ಲೂ ನಡೆಯುವ ದನ ಬೇಕೆಂದರೆ ಇದೇ ಸೀಮೆಯ, ಉದ್ದ ಕೋಡಿನ ಪಂಢರಪುರಿ ಎಮ್ಮೆ ಇದೆ. ಅದರ ಹಾಲಿಗೆ ಫ್ಯಾಟ್ ಹೆಚ್ಚು, ಹಾಗಾಗಿ ದರವೂ ಹೆಚ್ಚು. 2022ರ ಲಂಪಿ ರೋಗ ಕಲಿಸಿದ ಪಾಠವೂ ಇದೆ: ಲಸಿಕೆ ತಪ್ಪಿಸಬಾರದು, ಕಿವಿಗೆ ಬಿಲ್ಲೆ ಹಾಕಿಸಿ ವಿಮೆ ಇಳಿಸದೆ ಇರಬಾರದು.

ಹೀಗಾಗಿ ನೌಕರಿ ಬಿಡುವುದು ಕೊನೆಯ ಹೆಜ್ಜೆಯಾಗಬೇಕು. ಮೊದಲು ಅರ್ಧ ಎಕರೆ ಮೇವು, ಆಮೇಲೆ ಎರಡು ದನ, ಒಂದು ಬ್ಯಾಸಿಗೆ ದಾಟಿಸಿದ ಅನುಭವ. ಮನೆಯಲ್ಲೇ ಹುಟ್ಟಿದ ಹೆಣ್ಣು ಕರು, ಈದ ಎರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿದು ಗಟ್ಟಿಯಾಗಿ ಬೆಳೆದರೆ, ಮೂರನೇ ಆಕಳನ್ನು ಸಾಲ ಮಾಡಿ ತರುವ ಪ್ರಸಂಗ ಬರುವುದಿಲ್ಲ.