ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು: ಸಣ್ಣ ವ್ಯಾಪಾರಸ್ಥರ ಕಂಪ್ಯೂಟರ್ ಬಗ್ಗೆ ಕೆಲವು ಮಾತು

ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರು ಈಗ ಬರೀ ಬೆಳೆಗಾರರಲ್ಲ. ಒಬ್ಬರು ಗೊಬ್ಬರದ ಅಂಗಡಿ ನಡೆಸುತ್ತಾರೆ, ಇನ್ನೊಬ್ಬರು ಅಡಿಕೆ ಸುಲಿಯುವ ಯಂತ್ರ ಇಟ್ಟಿದ್ದಾರೆ, ಮತ್ತೊಬ್ಬರು ಕಾಫಿ ಪುಡಿ ಮಾಡಿ ಪೇಟೆಗೆ ಕಳಿಸುತ್ತಾರೆ. ಎಲ್ಲರ ಮೇಜಿನ ಮೇಲೂ ಒಂದು ಕಂಪ್ಯೂಟರ್, ಜೇಬಿನಲ್ಲಿ ಒಂದು ಮೊಬೈಲ್. ಖಾತೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಹಿರಿಯರ ಮನೆಯಲ್ಲೇ ಇಂದು ಅದೇ ಲೆಕ್ಕವಿರುವ ಯಂತ್ರದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿರುವುದನ್ನು ನಾವು ನೋಡಿದ್ದೇವೆ. ಆದುದರಿಂದ ಈ ವಿಷಯವನ್ನು ಸದಸ್ಯರ ಗಮನಕ್ಕೆ ತರುವುದು ಅವಶ್ಯವೆನಿಸಿದೆ.

ಆಳಂದದ ಪಾಠ

ಮೊದಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣವನ್ನು ಹೇಳುತ್ತೇವೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು ನಮ್ಮ ಮಲೆನಾಡಿಗೆ ಬಹು ದೂರ. ಆ ತಾಲ್ಲೂಕಿನ ಜಿಡಗಾ ಮಠದ ಹೆಸರು ಕೇಳಿದವರು ನಮ್ಮಲ್ಲಿದ್ದಾರೆ. ಉಳಿದಂತೆ ಅದು ತೊಗರಿಯ ಸೀಮೆ, ಅಡಿಕೆ ಕಾಫಿಗಳ ಗಾಳಿ ಅಲ್ಲಿಲ್ಲ. ಆದರೂ ಅಲ್ಲಿಂದ ಬಂದ ಪಾಠ ನಮ್ಮ ಗಲ್ಲಾಪೆಟ್ಟಿಗೆಯವರೆಗೂ ಬರುತ್ತದೆ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು ಕೋರಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಅರ್ಜಿದಾರರ ಹೆಸರು ಇತ್ತು, ವಿವರ ಇತ್ತು, ಮೊಬೈಲ್ ನಂಬರೂ ಇತ್ತು. ಕಾಗದದ ಮಟ್ಟಿಗೆ ಎಲ್ಲವೂ ಸರಿ. ಆದರೆ ತಮ್ಮ ಬಂಧುವೊಬ್ಬರ ಹೆಸರೇ ಪಟ್ಟಿಯಿಂದ ಹೋಗಲಿದೆಯೆಂಬುದು ಮತಗಟ್ಟೆ ಅಧಿಕಾರಿಯೊಬ್ಬರ ಕಣ್ಣಿಗೆ ಬಿತ್ತು. ಅರ್ಜಿ ಯಾರ ಹೆಸರಿನಲ್ಲಿ ಬಂದಿತ್ತೋ ಅವರನ್ನೇ ವಿಚಾರಿಸಿದರೆ, ಅವರು ಅಂಥ ಅರ್ಜಿ ಹಾಕಿಯೇ ಇರಲಿಲ್ಲ! ಮುಂದೆ ಎಲ್ಲ ಅರ್ಜಿಗಳನ್ನೂ ಸ್ಥಳದಲ್ಲೇ ಪರಿಶೀಲಿಸಲಾಯಿತು. 6,018ರಲ್ಲಿ ಸಾಚಾ ಎನಿಸಿದವು ಕೇವಲ 24. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಪೊಲೀಸರಲ್ಲಿ ಮೊಕದ್ದಮೆ ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ದಳವನ್ನೂ ನೇಮಿಸಿತು. ಅಪರಾಧಿ ಯಾರೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ; ರಾಜಕೀಯ ಈ ಪತ್ರಿಕೆಯ ವಿಷಯವಲ್ಲ.

ನಮಗೆ ಬೇಕಾದ ಮಾತು ಇಷ್ಟೇ. ಸುಳ್ಳನ್ನು ಯಂತ್ರ ಹಿಡಿಯಲಿಲ್ಲ. ಮನೆಗೆ ಹೋಗಿ, ಮನುಷ್ಯರನ್ನು ಕೇಳಿದಾಗ ಅದು ಸಿಕ್ಕಿಬಿತ್ತು. ಯಂತ್ರದಲ್ಲಿ ಬಂದ ಸುದ್ದಿಯನ್ನು ಬೇರೊಂದು ದಾರಿಯಿಂದ ತಾಳೆ ನೋಡಬೇಕು. ಮುಂದೆ ನಾವು ಹೇಳುವುದೆಲ್ಲ ಈ ಒಂದೇ ಸೂತ್ರದ ವಿಸ್ತರಣೆ.

ಹಣ ಕಳಿಸುವ ಮುಂಚೆ

ಗೊಬ್ಬರದ ಸಗಟು ವ್ಯಾಪಾರಿಯ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಸಂದೇಶವೋ ಇ-ಮೇಲೋ ಬರುತ್ತದೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣವನ್ನು ಹೊಸ ಖಾತೆಗೆ ಹಾಕಿ." ಬಿಲ್ಲೂ ಅವರದೇ, ಮುದ್ರೆಯೂ ಅವರದೇ. ಇಲ್ಲಿಯೇ ಎಚ್ಚರ ಬೇಕು. ಸಂದೇಶದಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಕಳ್ಳನೇ "ಹೌದು" ಎನ್ನುತ್ತಾನೆ. ನಿಮ್ಮ ಹಳೆಯ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ ಫೋನ್ ಮಾಡಿ, ಗುರುತಿನ ದನಿ ಕೇಳಿದ ಮೇಲೆಯೇ ಹಣ ಕಳಿಸಬೇಕು. "ಈಗಲೇ, ಇವತ್ತೇ" ಎಂದು ಅವಸರ ಮಾಡಿದಷ್ಟೂ ಅನುಮಾನ ಹೆಚ್ಚಬೇಕು.

ಯುಪಿಐ ಬಗ್ಗೆಯೂ ಒಂದು ಮಾತು. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಹೋಗುವುದಕ್ಕೆ ಮಾತ್ರ ಬೇಕು. "ಹಣ ಕಳಿಸುತ್ತೇನೆ, ಪಿನ್ ಒತ್ತಿ" ಎಂದವನು ಮೋಸಗಾರನೇ ಸರಿ. ಗಿರಾಕಿ ತನ್ನ ಮೊಬೈಲಿನ ಪರದೆ ತೋರಿಸಿದ ಮಾತ್ರಕ್ಕೆ ಮಾಲು ಕೊಡಬಾರದು. ನಿಮ್ಮ ಖಾತೆಗೆ ಜಮೆಯಾದುದನ್ನು ನೀವೇ ನೋಡಬೇಕು. ದಂಡದ ಚಲನ್, ಸಹಾಯಧನ, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತಗಳನ್ನು ಮುಟ್ಟಲೇಬೇಡಿ. ಅವನ್ನು ಮೊಬೈಲಿಗೆ ಹಾಕಿಕೊಂಡರೆ ನಿಮ್ಮ ಓಟಿಪಿ ಅನ್ಯರ ಕೈಗೆ ಹೋಗಬಹುದು. ಬ್ಯಾಂಕುಗಳ ಅಂತರ್ಜಾಲ ವಿಳಾಸಗಳು 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಆ ಕೊನೆಯ ಪದಗಳನ್ನು ಓದಿ ನೋಡುವುದು ಅಭ್ಯಾಸವಾಗಲಿ.

ಬೀಗದ ಕೈ ಯಾರ ಬಳಿ?

ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಇರಲಿ. ಮಾಲೀಕರು, ಗುಮಾಸ್ತರು, ಲೆಕ್ಕಪರಿಶೋಧಕರು ಎಲ್ಲರೂ ಒಂದೇ ಕೈಯಿಂದ ಬೀಗ ತೆಗೆದರೆ ಕೊನೆಗೆ ತೆಗೆದವರು ಯಾರೆಂದು ತಿಳಿಯುವುದಿಲ್ಲ. ಪರಸ್ಪರ ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸೇರಿಸಿದರೆ ಉದ್ದವೂ ಆಯಿತು, ನೆನಪಿಡಲೂ ಸುಲಭ. ಮನೆದೇವರ ಹೆಸರು, ಮಗಳ ಹೆಸರು, ಗಾಡಿ ನಂಬರು ಬೇಡ. ಊರಿಗೆಲ್ಲ ಗೊತ್ತಿರುವುದು ಗುಟ್ಟಾಗದು. ಕೆಲಸ ಬಿಟ್ಟು ಹೋದವರ ಪ್ರವೇಶವನ್ನು ಅದೇ ದಿನ ನಿಲ್ಲಿಸಿ.

ಡಿಜಿಟಲ್ ಸಹಿಯ ಟೋಕನ್ನನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟು ಹೋಗುವವರಿದ್ದಾರೆ. ಅದು ರುಜು ಹಾಕಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಹೋದಂತೆ. ಕೆಲಸ ಮುಗಿದೊಡನೆ ಅದು ತಿಜೋರಿಗೆ ಸೇರಬೇಕು. ಬ್ಯಾಂಕಿನಲ್ಲಿ ಅನುಕೂಲವಿದ್ದರೆ ಪಾವತಿಯನ್ನು ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಕ್ರಮ ಮಾಡಿಕೊಳ್ಳಿ. ಸಹಕಾರ ಸಂಘಗಳಲ್ಲಿ ಚೆಕ್ಕಿಗೆ ಇಬ್ಬರ ರುಜು ಬೇಕೆನ್ನುವುದು ಹಳೆಯ ಪದ್ಧತಿ. ಅದು ಅಪನಂಬಿಕೆಯಿಂದ ಹುಟ್ಟಿದ್ದಲ್ಲ. ಇಬ್ಬರನ್ನೂ ಕಾಯುವುದಕ್ಕಾಗಿ ಹುಟ್ಟಿದ್ದು.

ಲೆಕ್ಕದ ಪ್ರತಿ

2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಕಂಪೆನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ದಾಳಿಗೆ ಈ ಹೆಸರು. ಸೋಂಕು ಹರಡದಿರಲೆಂದು ಪಾವತಿ ನಿಗಮವು ಸಂಪರ್ಕವನ್ನು ಕಡಿಯಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತು. ಬ್ಯಾಂಕುಗಳಿಗೇ ಹೀಗಾದರೆ ನಮ್ಮ ಅಂಗಡಿಯ ಪಾಡೇನು?

ಇದಕ್ಕೆ ಮದ್ದು ಒಂದೇ: ಲೆಕ್ಕದ ಮೂರು ಪ್ರತಿಗಳು. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಅಂಗಡಿಯಿಂದ ಬೇರೆಡೆ. ಮನೆಯಲ್ಲಾದರೂ ಆಗಬಹುದು, ಕ್ಲೌಡ್‌ನಲ್ಲಾದರೂ ಆಗಬಹುದು. ಬ್ಯಾಕಪ್ ಮುಗಿದೊಡನೆ ಡಿಸ್ಕನ್ನು ಕಳಚಿಡಬೇಕು; ಜೋಡಿಸಿಯೇ ಇದ್ದರೆ ದಾಳಿಕೋರ ಅದಕ್ಕೂ ಬೀಗ ಹಾಕುತ್ತಾನೆ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತವನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಕಂಪ್ಯೂಟರ್ "ಅಪ್‌ಡೇಟ್" ಕೇಳಿದಾಗ ಮುಂದೂಡುವುದೂ ಒಳ್ಳೆಯದಲ್ಲ. 2017ರ ಮೇ 12ರಂದು ಜಗತ್ತನ್ನು ಕಾಡಿದ ವನ್ನಾಕ್ರೈ ದಾಳಿಗೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಆ ಮಾರ್ಚಿಯಲ್ಲೇ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರು ಕೆಟ್ಟರು, ಇಂಗ್ಲೆಂಡಿನ ಆಸ್ಪತ್ರೆಗಳೂ ಅವರಲ್ಲಿ ಸೇರಿದ್ದವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುವವರು ಮುಂದಿನ ಏರ್ಪಾಟನ್ನು ಈಗಲೇ ಯೋಚಿಸಬೇಕು.

ಸಮಯ ಉಳಿಸುವ ಬಗೆ

ಭದ್ರತೆಯಷ್ಟೇ ಸಾಲದು, ಕೆಲಸವೂ ಬೇಗ ಸಾಗಬೇಕು. ಕಡತದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಿದರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. "ಹೊಸ ಬಿಲ್", "ಹೊಸ ಬಿಲ್ ಕೊನೆಯದು" ಎಂಬ ಹೆಸರುಗಳಿಂದ ತಲೆನೋವೇ ಹೊರತು ಪ್ರಯೋಜನವಿಲ್ಲ. ಗಿರಾಕಿಗಳ ಹೆಸರನ್ನು ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದೂ ಹುಡುಕುವುದೂ ಕಷ್ಟ, ಬೇರೆ ಯಂತ್ರದಲ್ಲಿ ಅಕ್ಷರಗಳೇ ಕಲಸಿಹೋಗಬಹುದು. ಪದೇ ಪದೇ ಬರೆಯುವ ಪತ್ರ, ಬೆಲೆಪಟ್ಟಿಗಳಿಗೆ ಒಂದೊಂದು ಮಾದರಿ ಇಟ್ಟುಕೊಳ್ಳಿ. ದಿನದ ಲೆಕ್ಕ ಅದೇ ದಿನ ಏರಿಸಿ, ಸಂಜೆ ನಗದಿನೊಡನೆ ತಾಳೆ ನೋಡಿ. ತಪ್ಪು ಆ ಸಂಜೆಯೇ ಸಿಕ್ಕರೆ ಹತ್ತು ನಿಮಿಷದ ಕೆಲಸ, ಮಾರ್ಚಿ ಕೊನೆಯಲ್ಲಿ ಸಿಕ್ಕರೆ ಹತ್ತು ದಿನದ್ದು.

ನಮ್ಮ ಸೀಮೆಯ ಗುಡುಗು ಸಿಡಿಲನ್ನೂ ಮರೆಯಬಾರದು. ಯುಪಿಎಸ್ ಇದ್ದರೂ ಸಿಡಿಲಿನ ಹೊತ್ತಿನಲ್ಲಿ ವಿದ್ಯುತ್ತಿನ ತಂತಿಯನ್ನೂ ಇಂಟರ್‌ನೆಟ್ ತಂತಿಯನ್ನೂ ಕಳಚುವುದು ಕ್ಷೇಮ. ಆದರೆ ಮಳೆ ನೆತ್ತಿಯ ಮೇಲೆ ಬಂದಾಗ ತಂತಿ ಮುಟ್ಟಬೇಡಿ; ಮೋಡ ಕಟ್ಟುವಾಗಲೇ ಕಳಚಿಬಿಡಿ.

ಮೋಸವಾದರೆ

ನಾಚಿಕೆಪಟ್ಟು ಸುಮ್ಮನಿರಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಬೇಗ ತಿಳಿಸಿದರೆ ನಡುವೆಯೇ ತಡೆಯುವ ಸಾಧ್ಯತೆಯಿದೆ. ಒಡನೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಬಂಧನ" ಎಂದು ಹೆದರಿಸುವವರಿದ್ದಾರೆ. ಅಂಥ ಬಂಧನ ನಮ್ಮ ದೇಶದ ಕಾನೂನಿನಲ್ಲಿಲ್ಲ.

ಈ ಐದು ಸಾಲುಗಳನ್ನು ಬರೆದು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಬೇಕೆಂದು ಸದಸ್ಯರಲ್ಲಿ ವಿನಂತಿ:

1. ಖಾತೆ ಬದಲಾಯಿತೆಂದರೆ ಹಳೆಯ ನಂಬರಿಗೆ ಫೋನ್.
2. ಓಟಿಪಿ, ಪಿನ್ ಯಾರಿಗೂ ಇಲ್ಲ.
3. ಟೋಕನ್ ತಿಜೋರಿಗೆ.
4. ಶನಿವಾರ ಬ್ಯಾಕಪ್, ಮುಗಿದ ಮೇಲೆ ಡಿಸ್ಕ್ ಕಳಚುವುದು.
5. ಮೋಸವಾದರೆ ಒಡನೆ 1930.

ಪಾಸ್‌ವರ್ಡ್ ಬರೆದ ಚೀಟಿ ಆ ಗೋಡೆಯಲ್ಲಿದ್ದರೆ ಅದನ್ನು ಇಂದೇ ಕಿತ್ತುಹಾಕಿ, ಪಾಸ್‌ವರ್ಡನ್ನೂ ಬದಲಿಸಿ. ವರ್ಷವಿಡೀ ದುಡಿದು ಪಡೆದ ಬೆಳೆಯ ಹಣ ಒಂದು ನಿಮಿಷದ ಅವಸರಕ್ಕೆ ಪರರ ಪಾಲಾಗದಿರಲಿ.