ಎಕ್ಕದ ಹೊಡೆತ: ಗಾಲ್ಫ್ ಕ್ಲಬ್ಬುಗಳ ಒಂದು ಆಚಾರದ ವಿಚಾರ

1

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯು ಬಯಲುಸೀಮೆಯು ಮುಗಿದು ಮಲೆನಾಡು ತೊಡಗುವ ಎಡೆಯಲ್ಲಿ, ಕಲ್ಲತ್ತಿಗಿರಿ ಕೆಮ್ಮಣ್ಣುಗುಂಡಿಗಳಿಗೆ ಏರುವ ದಾರಿಯ ಬುಡದಲ್ಲಿರುವ ಊರು. ಅದರ ಬೆನ್ನಿಗೆ ನಿಂತ ಬಾಬಾಬುಡನ್ ಬೆಟ್ಟಗಳ ಸಾಲು ನಮ್ಮ ದೇಶದ ಕಾಫಿಯ ತವರೆಂದು ಪ್ರಸಿದ್ಧವಾಗಿದೆ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಮೊದಲಾದ ಐರೋಪ್ಯರು ಈ ಬೆಟ್ಟಗಳಲ್ಲಿ ತೋಟಗಳನ್ನು ಮಾಡಿದರು. ತೋಟದ ಹಿಂದೆಯೇ ತೋಟಗಾರರ ಕ್ಲಬ್ಬು, ಕ್ಲಬ್ಬಿನ ಹಿಂದೆಯೇ ಅದರ ಆಟಗಳು ಮಲೆನಾಡಿಗೆ ಬಂದುವು. ಈ ಜಿಲ್ಲೆಗೆ 1947ರವರೆಗೆ ಇದ್ದ ಕಡೂರು ಎಂಬ ಹೆಸರು ಜಿಲ್ಲೆಯನ್ನು ಬಿಟ್ಟರೂ ಚಿಕ್ಕಮಗಳೂರಿನ ಕಡೂರು ಕ್ಲಬ್ಬನ್ನು ಬಿಟ್ಟಿಲ್ಲ. ಲಿಂಗದಹಳ್ಳಿಯಲ್ಲಿ ಗಾಲ್ಫ್ ಮೈದಾನವಿಲ್ಲ. ಬೆಟ್ಟದ ಆಚೆಯ ಮಗ್ಗುಲಲ್ಲಿ, ಚಿಕ್ಕಮಗಳೂರಿನಲ್ಲಿ, ಅದಕ್ಕೆಂದೇ ಒಂದು ಕ್ಲಬ್ಬು ಉಂಟು.

ಆಟದ ವಿಷಯಕ್ಕೆ ವಿದ್ವತ್ಪತ್ರಿಕೆಯಲ್ಲಿ ಎಡೆಯೇಕೆ ಎಂದು ವಾಚಕರು ಶಂಕಿಸಬಹುದು. ಆಟಕ್ಕಿಂತಲೂ ಆಟದ ಸುತ್ತ ಬೆಳೆದ ಆಚಾರವು ಜನರ ಮನಸ್ಸನ್ನು ಚೆನ್ನಾಗಿ ತಿಳಿಸುವುದು. ಗಾಲ್ಫ್ ಆಟಗಾರರಲ್ಲಿ ಒಂದು ವಿಚಿತ್ರವಾದ ಆಚಾರವಿದೆ. ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಇಳಿಸಿದವನಿಗೆ ಉಳಿದವರು ಉಪಚಾರ ಮಾಡುವುದಿಲ್ಲ. ಅವನೇ ಉಳಿದವರಿಗೆಲ್ಲ ಮಾಡಬೇಕು. ಗೆಲವು ಅವನದು, ವೆಚ್ಚವೂ ಅವನದೇ. ಇದು ಹೇಗೆ ಬಂದಿತು, ಇದರ ಅರ್ಥವೇನು, ನಮ್ಮ ನಾಡಿನ ಆಚಾರಗಳೊಡನೆ ಇದಕ್ಕೆ ಸಾಮ್ಯವೆಷ್ಟು, ಭೇದವೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

2

ಆಟವನ್ನು ಕಾಣದವರಿಗಾಗಿ ಎರಡು ಮಾತು. ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳಿರುತ್ತವೆ. ಒಂದೊಂದಕ್ಕೂ ನಿಯತವಾದ ಹೊಡೆತಗಳ ಎಣಿಕೆಯುಂಟು. ಅತ್ಯಂತ ಹತ್ತಿರದ ಕುಳಿಗಳಿಗೆ ಅದು ಮೂರು. ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಎಂದರೆ 108 ಮಿಲಿಮೀಟರು. ಚೆಂಡಿನ ಅಡ್ಡಳತೆಯು 1.68 ಅಂಗುಲಕ್ಕೆ ಕಡಮೆಯಿರಲಾಗದು. ನೂರೈವತ್ತು ಇನ್ನೂರು ಗಜಗಳ ಆಚೆಯಿಂದ ಹೊಡೆದ ಚೆಂಡು ನೇರವಾಗಿ ಇಷ್ಟು ಕಿರಿದಾದ ಕುಳಿಯಲ್ಲಿ ಬಿದ್ದರೆ, ಅಲ್ಲಿಗೆ ಒಂದೇ ಹೊಡೆತದಲ್ಲಿ ಕಾರ್ಯ ಮುಗಿದಂತೆ. ಸಾಮಾನ್ಯ ಆಟಗಾರನಿಗೆ ಇಂತಹ 12,500 ಹೊಡೆತಗಳಲ್ಲಿ ಒಂದು ಹೀಗೆ ಸಲ್ಲಬಹುದೆಂದು ರೂಢಿಯ ಅಂದಾಜು. ಒಂದು ಸುತ್ತಿನಲ್ಲಿ ಮೂರು ಹೊಡೆತದ ಕುಳಿಗಳು ನಾಲ್ಕೆಂದು ಹಿಡಿದು, ವಾರಕ್ಕೊಂದು ಸುತ್ತು ಆಡಿದರೆ, ಒಂದು ಸಲ ಇದು ಕೈಗೂಡುವುದಕ್ಕೆ 60 ವರ್ಷಗಳು ಹಿಡಿಯುವುವು. ಆಯುಷ್ಯವೆಲ್ಲ ಆಡಿಯೂ ಇದನ್ನು ಕಾಣದವರೇ ಹೆಚ್ಚು. ಆಟ ಕಲಿತ ಮೊದಲನೆಯ ತಿಂಗಳಲ್ಲಿಯೇ ಕಂಡವರೂ ಉಂಟು.

ಬ್ರಿಟಿಷ್ ಓಪನ್ ಪಂದ್ಯದ ಚರಿತ್ರೆಯಲ್ಲಿ ಮೊದಲನೆಯದಾಗಿ ದಾಖಲೆಯಾದುದು 1869ರಲ್ಲಿ, ಸ್ಕಾಟ್ಲೆಂಡಿನ ಪ್ರೆಸ್ಟ್ವಿಕ್ಕಿನಲ್ಲಿ, ಕಿರಿಯ ಟಾಮ್ ಮಾರಿಸನು ಹೊಡೆದುದು. ಆ ಕುಳಿಯ ದೂರ 166 ಗಜ. ಅಷ್ಟರೊಳಗೆ ಆಟವು ನಮ್ಮ ದೇಶಕ್ಕೂ ಬಂದಿದ್ದಿತು. ಕಲ್ಕತ್ತೆಯ ಕ್ಲಬ್ಬು 1829ರಲ್ಲಿ ಹುಟ್ಟಿತು, ಬೆಂಗಳೂರಿನದು 1876ರಲ್ಲಿ. ಒಲಿಂಪಿಕ್ ಕ್ರೀಡೆಗಳಲ್ಲಿ ಇಂತಹ ಮೊದಲನೆಯ ಹೊಡೆತವು 2016ರಲ್ಲಿ ರಿಯೋ ನಗರದಲ್ಲಿ ಇಂಗ್ಲೆಂಡಿನ ಜಸ್ಟಿನ್ ರೋಸನಿಗೆ ಸಂದಿತು. ಬೆಂಗಳೂರಿನ ಅದಿತಿ ಅಶೋಕ್ ಅವರು ಹದಿನೆಂಟರ ವಯಸ್ಸಿನಲ್ಲಿ ಆಡಿದುದು ಆ ಒಲಿಂಪಿಕ್ಸಿನಲ್ಲಿಯೇ.

ಈ ಹೊಡೆತಕ್ಕೆ ಇಂಗ್ಲಿಷರು ಇಸ್ಪೀಟಿನ ಒಂದರ ಎಲೆಯ ಹೆಸರಾದ 'ಏಸ್' ಎಂಬುದನ್ನೂ ಬಳಸುವರು. ನಮ್ಮ ಇಸ್ಪೀಟಿನಲ್ಲಿ ಆ ಎಲೆಗೆ 'ಎಕ್ಕ' ಎಂದು ಹೆಸರು. ಇದು 'ಏಕ' ಶಬ್ದದ ತದ್ಭವ. ಒಂಟಿಯೆಂಬರ್ಥದ 'ಎಕ್ಕಟಿ', ಒಂದೆಳೆಯ ಹಾರವಾದ 'ಎಕ್ಕಸರ' ಎಂಬ ಹಳೆಯ ಮಾತುಗಳು ಇದರ ಬಳಗದವು. 'ಕುಳಿ' ಎಂಬುದಂತೂ ಅಳಗುಳಿಮಣೆಯ ಕಾಲದಿಂದಲೂ ಆಟದ ಮಾತೇ ಆಗಿದೆ. ಆದುದರಿಂದ ಇದನ್ನು 'ಎಕ್ಕದ ಹೊಡೆತ' ಎಂದು ಕರೆದರೆ ಕನ್ನಡಕ್ಕೆ ಹೊರಗಾಗದು.

3

ಇನ್ನು ಆಚಾರದ ಸ್ವರೂಪ. ಎಕ್ಕದ ಹೊಡೆತ ಸಂದ ದಿನ ಆಟಗಾರನು ಕ್ಲಬ್ಬಿಗೆ ಮರಳಿ, ಅಲ್ಲಿರುವವರಿಗೆಲ್ಲ ತನ್ನ ಲೆಕ್ಕದಲ್ಲಿ ಪಾನೀಯ ಕೊಡಿಸಬೇಕು. ತನ್ನೊಡನೆ ಆಡಿದವರಿಗೆ ಮಾತ್ರವಲ್ಲ, ಮುಖಪರಿಚಯವಿಲ್ಲದವರಿಗೂ ಸಹ. ಚೀಲ ಹೊತ್ತು ಜೊತೆಯಲ್ಲಿ ನಡೆದ ಕ್ಯಾಡಿಗೆ ಇನಾಮು ಕೊಡುವುದು ರೂಢಿ. ಆ ಚೆಂಡಿನಿಂದ ಮತ್ತೆ ಆಡದೆ, ಅದನ್ನು ಪೀಠದ ಮೇಲೆ ಕೂರಿಸಿ ಮನೆಯಲ್ಲಿ ಇಟ್ಟುಕೊಳ್ಳುವರು. ಜೊತೆಯವರು ಎಣಿಕೆಯ ಚೀಟಿಗೆ ರುಜು ಹಾಕುವರು. ಅನೇಕ ಕ್ಲಬ್ಬುಗಳಲ್ಲಿ ಹೆಸರು, ದಿನ, ಕುಳಿಯ ಅಂಕೆಗಳನ್ನು ಗೋಡೆಯ ಹಲಗೆಯ ಮೇಲೆ ಬರೆಸುವರು. ಆಟದ ನಿಯಮಗ್ರಂಥದಲ್ಲಿ ಈ ಔತಣದ ಪ್ರಸ್ತಾಪವೇ ಇಲ್ಲ. ಆದರೂ ಇದನ್ನು ತಪ್ಪಿಸಿಕೊಂಡವನನ್ನು ಕ್ಲಬ್ಬು ಮರೆಯುವುದಿಲ್ಲ.

ಜಪಾನಿನಲ್ಲಿ ಈ ಆಚಾರವು ಬಹಳ ಬೆಳೆದಿದೆ. ಅಲ್ಲಿ ಭಾಗ್ಯಶಾಲಿಯು ಮಿತ್ರರಿಗೆ ಔತಣವನ್ನೂ ಸ್ಮರಣೆಯ ವಸ್ತುಗಳನ್ನೂ ಕೊಡುವನು. ಮೈದಾನದಲ್ಲಿ ನೆನಪಿನ ಗಿಡವನ್ನು ನೆಡಿಸುವುದೂ ಉಂಟು. ಈ ವೆಚ್ಚಕ್ಕೆ ಅಂಜಿದ ಆಟಗಾರರು ಅದಕ್ಕೆಂದೇ ವಿಮೆ ಮಾಡಿಸುವರು. ಜನರು ವಿಪತ್ತಿಗೆ ವಿಮೆ ಮಾಡಿಸುವುದನ್ನು ಕೇಳಿದ್ದೇವೆ. ಸಂಪತ್ತಿಗೆ ವಿಮೆ ಮಾಡಿಸುವುದು ಇದೊಂದೇ ಇರಬಹುದು. ಬೇರೆ ದೇಶಗಳ ಕೆಲವು ಕ್ಲಬ್ಬುಗಳಲ್ಲಿ ಸದಸ್ಯರೆಲ್ಲರಿಂದ ಸ್ವಲ್ಪ ಸ್ವಲ್ಪ ಹಣವನ್ನು ಕೂಡಿಸಿಟ್ಟು, ಎಕ್ಕ ಹೊಡೆದವನ ಔತಣವನ್ನು ಆ ನಿಧಿಯಿಂದ ಸಲ್ಲಿಸುವರು.

4

ಗೆದ್ದವನು ಕೊಡಬೇಕೆಂಬುದಕ್ಕೆ ಕಾರಣವೇನು? ನಮ್ಮ ನಾಡಿನ ಒಂದು ಹಳೆಯ ಆಚಾರದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಉತ್ತರ ಸ್ಪಷ್ಟವಾಗುವುದು. ಕೊಡಗಿನಲ್ಲಿ ಹುಲಿಯನ್ನು ಕೊಂದ ವೀರನಿಗೆ 'ನರಿಮಂಗಲ'ವೆಂಬ ಉತ್ಸವ ನಡೆಯುತ್ತಿದ್ದಿತು. ಕನ್ನಡದಲ್ಲಿ ನರಿಯೆಂದರೆ ಬೇರೆಯ ಪ್ರಾಣಿ. ಕೊಡವ ಭಾಷೆಯಲ್ಲಿ ಅದು ಹುಲಿಯ ಹೆಸರು. ಮದುವೆಯಂತೆ ಮಂಟಪ ಕಟ್ಟಿ, ವೀರನನ್ನು ಅಲಂಕರಿಸಿ ಕುಳ್ಳಿರಿಸಿ, ಹುಲಿಯನ್ನು ಬಳಿಯಲ್ಲಿ ತೂಗುಹಾಕುವರು. ಜನರು ಒಬ್ಬೊಬ್ಬರಾಗಿ ಬಂದು ಅಕ್ಕಿ ತಳಿದು, ಹಾಲು ಕುಡಿಸಿ, ನಾಣ್ಯದ ಕಾಣಿಕೆ ಕೊಡುವರು. ಇಲ್ಲಿ ವೀರನು ಪಡೆಯುವವನು, ಊರು ಕೊಡುವುದು. ಗಾಲ್ಫಿನಲ್ಲಿ ಇದು ತಲೆಕೆಳಗಾಗಿದೆ.

ಭೇದದ ಮೂಲವು ಕಾರ್ಯದ ಸ್ವಭಾವದಲ್ಲಿದೆ. ಹುಲಿಯನ್ನು ಕೊಂದವನು ಪ್ರಾಣವನ್ನು ಪಣವಾಗಿಟ್ಟು ಊರಿನ ಭಯವನ್ನು ಕಳೆದನು. ಊರು ಅವನಿಗೆ ಋಣಿ. ಎಕ್ಕ ಹೊಡೆದವನು ಯಾರ ಭಯವನ್ನೂ ಕಳೆಯಲಿಲ್ಲ. ಅವನಲ್ಲಿ ಕೌಶಲವಿಲ್ಲವೆಂದಲ್ಲ, ಚೆಂಡನ್ನು ಕುಳಿಯ ಬಳಿಗೆ ಒಯ್ದುದು ಕೌಶಲ. ಬಳಿಯಿಂದ ಒಳಕ್ಕೆ ಬೀಳಿಸಿದುದು ಮಾತ್ರ ಅದೃಷ್ಟ. ಆ ಕೊನೆಯ ಮೊಳದ ದೂರಕ್ಕಾಗಿ ಅವನೇ ಉಳಿದವರಿಗೆ ಋಣಿ. ಸಾಹಸಕ್ಕೆ ಲೋಕವು ಕಾಣಿಕೆ ಕೊಡುವುದು. ಅದೃಷ್ಟದಿಂದ ಲೋಕವು ಪಾಲು ಕೇಳುವುದು.

ಈ ಎರಡನೆಯ ನ್ಯಾಯವು ಕನ್ನಡಿಗರಿಗೆ ಹೊಸದಲ್ಲ. ಮಗು ಹುಟ್ಟಿದರೆ ಸಕ್ಕರೆ ಹಂಚುವವರು ಮಗುವಿನ ಮನೆಯವರೇ. ಪರೀಕ್ಷೆಯಲ್ಲಿ ತೇರ್ಗಡೆಯಾದವನೇ ಬೀದಿಗೆಲ್ಲ ಸಿಹಿ ಕೊಡುವನು. ಹುಟ್ಟಿದ ಹಬ್ಬದ ದಿನ ಶಾಲೆಯ ಹುಡುಗನೇ ಮಿಠಾಯಿಯ ಪೊಟ್ಟಣ ಹಿಡಿದು ತರಗತಿಗೆ ಬರುವನು. ಒಬ್ಬನಿಗೆ ಬಂದ ಒಳ್ಳೆಯದು ಅವನೊಬ್ಬನಲ್ಲಿಯೇ ನಿಂತರೆ ಕಣ್ಣು ತಾಗೀತೆಂಬ ಭಯವೂ, ಹಂಚಿದರೆ ಹೆಚ್ಚುವುದೆಂಬ ನಂಬಿಕೆಯೂ ಇದರಲ್ಲಿ ಬೆರೆತಿವೆ. ಕ್ಲಬ್ಬಿನ ಔತಣವು ಸಮುದ್ರದಾಚೆಯದಾದರೂ ಈ ಸಕ್ಕರೆಯ ಹತ್ತಿರದ ನೆಂಟ.

ಎರಡನೆಯ ಕಾರಣವು ಸಾಕ್ಷಿಯದು. ಒಬ್ಬನೇ ಆಡುವಾಗ ಎಕ್ಕ ಹೊಡೆದೆನೆಂದು ಹೇಳಿಕೊಳ್ಳುವವನನ್ನು ಯಾರೂ ನಂಬರು. ಔತಣವುಂಡವನು ಆ ಸಂಗತಿಗೆ ಸಾಕ್ಷಿಯಾಗುವನು. ಹಲಗೆಯ ಮೇಲಣ ಬರಹವು ಅದನ್ನು ಮುಂದಿನವರಿಗೆ ಮುಟ್ಟಿಸುವುದು. ಸಾಕ್ಷಿಗಳನ್ನು ಹೆಸರಿಸುವ ದಾನಶಾಸನಗಳನ್ನೂ, ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಯ ಹೆಸರನ್ನು 10ನೆಯ ಶತಮಾನದಿಂದ ಉಳಿಸಿಕೊಂಡು ಬಂದಿರುವ ಆತಕೂರಿನ ಕಲ್ಲನ್ನೂ ಬಲ್ಲವರಿಗೆ, ಕಂಡದ್ದನ್ನು ಬರೆದಿಡಬೇಕೆಂಬ ಈ ಆಸೆಯು ಅಪರಿಚಿತವಾಗಿ ತೋರದು.

5

ಇತ್ತೀಚಿನ ವರ್ಷಗಳಲ್ಲಿ ಈ ಆಚಾರಕ್ಕೆ ಎದುರಾದ ಮತ್ತೊಂದು ರೂಢಿ ಬೆಳೆದಿದೆ. ಪಂದ್ಯಗಳಲ್ಲಿ ಒಂದು ಕುಳಿಯ ಬಳಿ ಹೊಸ ಮೋಟಾರು ಕಾರನ್ನು ನಿಲ್ಲಿಸಿ, ಅಲ್ಲಿ ಎಕ್ಕ ಹೊಡೆದವನಿಗೆ ಅದು ಬಹುಮಾನವೆಂದು ಸಾರುವರು. ಪಂದ್ಯ ನಡೆಸುವವರು ವಿಮೆಯ ಕಂಪನಿಗೆ ಸ್ವಲ್ಪ ಹಣ ಕಟ್ಟುವರು. ಹೊಡೆತ ಸಂದರೆ ಕಾರಿನ ಬೆಲೆ ಕಂಪನಿಯದು. ಹವ್ಯಾಸಿ ಆಟಗಾರರು ದೊಡ್ಡ ಬಹುಮಾನ ಪಡೆಯಬಾರದೆಂಬ ನಿಯಮವು ಮೊದಲು ಇದಕ್ಕೆ ಅಡ್ಡವಾಗಿದ್ದಿತು. 2012ರಿಂದ ಎಕ್ಕದ ಹೊಡೆತಕ್ಕೆ ಮಾತ್ರ ಆ ಕಟ್ಟನ್ನು ಸಡಿಲಿಸಿದರು. ಹೀಗೆ ಅದೃಷ್ಟವಂತನು ಕೊಡುವವನಾಗಿದ್ದವನು ಪಡೆಯುವವನಾದನು. ಆದರೆ ಈ ಬಹುಮಾನವನ್ನು ನರಿಮಂಗಲದ ಕಾಣಿಕೆಗೆ ಹೋಲಿಸಲಾಗದು. ಅಲ್ಲಿ ಕೊಟ್ಟವರು ಋಣ ತೀರಿಸಿದರು. ಇಲ್ಲಿ ಕೊಡುವವರು ಸರಕಿನ ಪ್ರಚಾರ ಮಾಡುವರು.

6

ಕಡೆಯದಾಗಿ, ಈ ಆಚಾರದ ಯೋಗ್ಯತೆಯನ್ನು ಅಳೆಯುವುದಕ್ಕೆ ಮಲೆನಾಡೇ ಒಂದು ಅಳತೆಗೋಲನ್ನು ಕೊಟ್ಟಿದೆ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದ ಬೇಟೆ ನಿಂತುಹೋಯಿತು. ಅದು ನಿಂತುದು ಒಳ್ಳೆಯದೇ. ಆದರೆ ಹಳೆಯ ಬೇಟೆಯ ಪಾಲಿನ ನ್ಯಾಯವು ನೆನೆಯತಕ್ಕದ್ದು. ಈಡು ಹೊಡೆದವನಿಗೆ ವಿಶೇಷವಾದ ಭಾಗವಿದ್ದಿತು. ಆದರೆ ಸೋವಿಗೆ ಬಂದು ಕಾಡು ಬಡಿದವರಿಗೂ ಪಾಲು ಸಲ್ಲುತ್ತಿದ್ದಿತು. ನಾಯಿಗಳ ಲೆಕ್ಕಕ್ಕೂ ಪಾಲು ಇದ್ದಿತು. ಅದು ಯಾರೂ ದಯಪಾಲಿಸಿದುದಲ್ಲ, ಹಕ್ಕಿನಿಂದ ಬಂದುದು.

ಗಾಲ್ಫಿನಲ್ಲಿ ಸೋವಿನವನ ಸ್ಥಾನದಲ್ಲಿರುವವನು ಕ್ಯಾಡಿ. ಗಾಳಿಯ ದಿಕ್ಕನ್ನು ಹೇಳುವವನು ಅವನು. ಯಾವ ಕೋಲು ತಕ್ಕದ್ದೆಂದು ಸೂಚಿಸುವವನು ಅವನು. ಚೆಂಡು ಎಲ್ಲಿಗೆ ಹೋಯಿತೆಂದು ಕಣ್ಣಿಟ್ಟು ನೋಡುವವನೂ ಅವನೇ. ಅವನು ಬಹುಮಟ್ಟಿಗೆ ನೆರೆಯ ಹಳ್ಳಿಯ ಬಡವರ ಮಗ. ಅವನಲ್ಲಿ ಕೌಶಲವಿಲ್ಲವೆನ್ನುವಂತಿಲ್ಲ: 1991ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು, ಆ ಪಂದ್ಯವನ್ನು ಗೆದ್ದ ಮೊದಲನೆಯ ಭಾರತೀಯ ವೃತ್ತಿ ಆಟಗಾರರು ಅವರೇ. ಆದರೂ ಎಕ್ಕದ ಹೊಡೆತದ ದಿನ ಕ್ಲಬ್ಬಿನ ಒಳಗೆ ಔತಣ ನಡೆಯುವಾಗ, ಚೆಂಡು ಕುಳಿಗೆ ಬಿದ್ದುದನ್ನು ಕಣ್ಣಾರೆ ಕಂಡವನು ಸಾಮಾನ್ಯವಾಗಿ ಹೊರಗಿರುವನು. ಏನನ್ನೂ ಕಾಣದವರು ಒಳಗಿದ್ದು ಸಾಕ್ಷಿಗಳಾಗುವರು. ಒಳಗಿನವರಿಗೆ ದೊರೆಯುವುದು ಪಾಲು. ಹೊರಗಿನವನಿಗೆ ದೊರೆಯುವುದು ಇನಾಮು. ಪಾಲನ್ನು ಕೇಳಿ ಪಡೆಯಬಹುದು; ಇನಾಮನ್ನು ಕೈಯೊಡ್ಡಿ ಕಾಯಬೇಕು.

ಅದೃಷ್ಟವನ್ನು ಹಂಚಬೇಕೆಂಬ ತತ್ತ್ವವು ಉದಾತ್ತವಾದುದು. ಅದನ್ನು ಕಂಡುಕೊಂಡ ಆಟವು ಗೌರವಾರ್ಹವಾದುದು. ಆ ತತ್ತ್ವವು ಪೂರ್ಣವಾಗಬೇಕಾದರೆ ಹಲಗೆಯ ಮೇಲೆ ಆಟಗಾರನ ಹೆಸರಿನ ಕೆಳಗೆ ಕ್ಯಾಡಿಯ ಹೆಸರನ್ನೂ ಬರೆಯಬೇಕು. ಪಂಕ್ತಿಯಲ್ಲಿ ಅವನಿಗೂ ಎಡೆಯಿರಬೇಕು. ನಾಯಿಯ ಹೆಸರನ್ನು ಕಲ್ಲಿನಲ್ಲಿ ಕಡೆದ ನಾಡಿನಲ್ಲಿ ಇದು ಹೆಚ್ಚಿನ ಬೇಡಿಕೆಯಲ್ಲ.